ಅಕ್ವೇರಿಯಂ ಎಲ್‌ಇಡಿ ದೀಪದ ಆಯಸ್ಸು, ಮಂಕು ಮತ್ತು ಡಿಮ್ಮರ್: ಪದೇ ಪದೇ ಕೇಳುವ ಪ್ರಶ್ನೆಗಳು

ದೀಪ ತಾನಾಗಿ ಮಂಕಾಗುವುದು ಬೇರೆ, ನಾವೇ ಮಂಕು ಮಾಡುವುದು ಬೇರೆ. ಮೊದಲನೆಯದು ವಯಸ್ಸಿನ ಕೆಲಸ, ಎರಡನೆಯದು ಡಿಮ್ಮರ್‌ನ ಕೆಲಸ. ಮೀನು ಸಾಕುವವರು ಈ ಎರಡರ ಬಗ್ಗೆಯೂ ಕೇಳುತ್ತಲೇ ಇರುತ್ತಾರೆ, ಅನೇಕ ಬಾರಿ ಒಂದನ್ನು ಇನ್ನೊಂದರ ಜೊತೆ ಕಲಸಿಕೊಂಡು. ಎರಡಕ್ಕೂ ನಂಟು ಇಲ್ಲದಿಲ್ಲ. ಎರಡನೆಯದನ್ನು ಸರಿಯಾಗಿ ಮಾಡಿದರೆ ಮೊದಲನೆಯದು ತಡವಾಗಿ ಬರುತ್ತದೆ.

ಡಬ್ಬಿಯ ಮೇಲೆ 50,000 ಗಂಟೆ ಎಂದು ಬರೆದಿದೆ. ನಿಜವಾಗಿಯೂ ಅಷ್ಟು ಕಾಲ ಉರಿಯುತ್ತದೆಯೇ?

ಮೊದಲು ಲೆಕ್ಕ ಹಾಕೋಣ. ದಿನಕ್ಕೆ 8 ಗಂಟೆಯಂತೆ 50,000 ಗಂಟೆ ಎಂದರೆ 6,250 ದಿನ, ಅಂದರೆ 17 ವರ್ಷ. ಇದನ್ನು ಓದಿ 17 ವರ್ಷ ಹೊಸದರಂತೆಯೇ ಬೆಳಗುತ್ತದೆ ಎಂದುಕೊಂಡರೆ ತಪ್ಪು. ಆ ಸಂಖ್ಯೆ ಸಾಮಾನ್ಯವಾಗಿ ಹೇಳುವುದು ಬೆಳಕು ಹೊಸದರ ಶೇಕಡಾ 70ಕ್ಕೆ ಇಳಿಯಲು ಹಿಡಿಯುವ ಸಮಯವನ್ನು. ಇದಕ್ಕೆ 'ಎಲ್70' ಎನ್ನುತ್ತಾರೆ. ಎಲ್‌ಇಡಿ ಹಳೆಯ ಬಲ್ಬಿನಂತೆ ಒಂದು ದಿನ ಟಪ್ಪೆಂದು ಆರಿಹೋಗುವ ಜಾತಿಯದಲ್ಲ. ನಿಧಾನವಾಗಿ ಸವೆಯುತ್ತದೆ. ಆದ್ದರಿಂದ 'ಎಷ್ಟು ಕಾಲ ಉರಿಯುತ್ತದೆ' ಎಂಬ ಪ್ರಶ್ನೆಗಿಂತ 'ಎಷ್ಟು ಕಾಲ ಸಾಕಷ್ಟು ಬೆಳಕು ಕೊಡುತ್ತದೆ' ಎಂಬ ಪ್ರಶ್ನೆ ಹೆಚ್ಚು ಸರಿ.

ಇನ್ನೊಂದು ವಿಷಯ. ಯಾರೂ 17 ವರ್ಷ ಕೂತು ದೀಪವನ್ನು ನೋಡಿ ಈ ಸಂಖ್ಯೆ ಬರೆದಿಲ್ಲ. 'ಎಲ್‌ಎಂ-80' ಎಂಬ ಪರೀಕ್ಷಾ ಕ್ರಮದಲ್ಲಿ ಎಲ್‌ಇಡಿಗಳನ್ನು ಕನಿಷ್ಠ 6,000 ಗಂಟೆ ಉರಿಸಿ, ಬೆಳಕು ಎಷ್ಟು ಕುಗ್ಗಿತು ಎಂದು ಅಳೆಯುತ್ತಾರೆ. ಆಮೇಲೆ 'ಟಿಎಂ-21' ಎಂಬ ಲೆಕ್ಕದ ವಿಧಾನದಿಂದ ಮುಂದಿನದನ್ನು ಅಂದಾಜು ಮಾಡುತ್ತಾರೆ. ಆ ಅಂದಾಜು ಪರೀಕ್ಷೆ ನಡೆದ ಅವಧಿಯ ಆರು ಪಟ್ಟನ್ನು ಮೀರಬಾರದು ಎಂಬ ಕಟ್ಟುಪಾಡೂ ಇದೆ. 6,000 ಗಂಟೆ ಪರೀಕ್ಷಿಸಿದವರು 36,000ಕ್ಕಿಂತ ಹೆಚ್ಚು ಹೇಳುವಂತಿಲ್ಲ. ಡಬ್ಬಿಯ ಮೇಲೆ 1,00,000 ಗಂಟೆ ಎಂದು ದಪ್ಪಕ್ಷರದಲ್ಲಿ ಕಂಡರೆ, ಅದರ ಹಿಂದೆ ಯಾವ ಪರೀಕ್ಷೆ ಇದೆ ಎಂದು ಕೇಳಿ ನೋಡಿ.

ಪರೀಕ್ಷೆಗೆ ಒಳಗಾಗುವುದು ಬಿಡಿ ಎಲ್‌ಇಡಿ ಮಾತ್ರ ಎಂಬುದನ್ನೂ ಮರೆಯಬಾರದು. ನಿಮ್ಮ ತೊಟ್ಟಿಯ ಮೇಲಿರುವ ದೀಪದಲ್ಲಿ ಎಲ್‌ಇಡಿಗೆ ಬೇಕಾದಷ್ಟೇ ಕರೆಂಟ್ ಹದಮಾಡಿ ಕೊಡುವ ಡ್ರೈವರ್ ಇದೆ, ವೈರು ಇದೆ, ಬೆಸುಗೆ ಇದೆ, ಫ್ಯಾನ್ ಇರಬಹುದು, ಕೆಳಗಡೆ ಹಗಲೂ ರಾತ್ರಿ ಆವಿಯಾಗುವ ನೀರಿದೆ. ಇವುಗಳಲ್ಲಿ ಯಾವುದು ಮೊದಲು ಕೈಕೊಡುತ್ತದೋ ಅದೇ ದೀಪದ ಆಯಸ್ಸು.

ಹಾಗಾದರೆ ಎಷ್ಟು ವರ್ಷ ಎಂದುಕೊಳ್ಳಲಿ?

ಐದು ವರ್ಷ ತಕರಾರಿಲ್ಲದೆ ಬೆಳಗಿದ ದೀಪವನ್ನು ನಾನು ಒಳ್ಳೆಯ ದೀಪ ಎನ್ನುತ್ತೇನೆ. ತಂಪಾಗಿ, ಒಣಗಿ, ಪೂರ್ತಿ ಶಕ್ತಿಗಿಂತ ಕಡಿಮೆಯಲ್ಲಿ ನಡೆಸಿದರೆ ಹತ್ತು ವರ್ಷ ದಾಟುವುದು ಆಶ್ಚರ್ಯವೇನಲ್ಲ.

ಟ್ಯೂಬ್‌ಲೈಟಿನಂತೆ ವರ್ಷಕ್ಕೊಮ್ಮೆ ಬದಲಿಸಬೇಕೇ?

ಬೇಡ. ಟಿ5, ಟಿ8 ಟ್ಯೂಬುಗಳು ನೋಡಲು ಚೆನ್ನಾಗಿಯೇ ಉರಿಯುತ್ತಿದ್ದರೂ ಅವುಗಳ ಬೆಳಕೂ ಬಣ್ಣವೂ ಬೇಗ ಬದಲಾಗುತ್ತಿದ್ದವು. ಅದಕ್ಕೇ ಗಿಡ, ಹವಳ ಬೆಳೆಸುವವರು ಆರು ತಿಂಗಳಿಗೋ ವರ್ಷಕ್ಕೋ ಅವನ್ನು ಬದಲಿಸುತ್ತಿದ್ದರು. ಎಲ್‌ಇಡಿಗೆ ಆ ಪಂಚಾಂಗ ಅನ್ವಯಿಸುವುದಿಲ್ಲ.

ನನ್ನ ದೀಪ ಮಂಕಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಕಣ್ಣನ್ನು ನಂಬಬೇಡಿ. ಬೆಳಕು ಕಾಲು ಭಾಗಕ್ಕೆ ಇಳಿದರೂ ನಮ್ಮ ಕಣ್ಣಿಗೆ ಅದು ಸುಮಾರು ಅರ್ಧದಷ್ಟಿರುವಂತೆ ಕಾಣುತ್ತದೆ. ಹಾಗಿರುವಾಗ ಮೂರು ವರ್ಷದಲ್ಲಿ ಇಂಚಿಂಚಾಗಿ ಹೋದ ಶೇಕಡಾ 20 ಬೆಳಕು ದಿನವೂ ನೋಡುವವರ ಗಮನಕ್ಕೆ ಬರುವುದೇ ಇಲ್ಲ. ಮನೆಯವರೆಲ್ಲ 'ಮೊದಲಿನಂತೆಯೇ ಇದೆ' ಎನ್ನುತ್ತಾರೆ. ಗಿಡಗಳು ಮಾತ್ರ ಬೇರೆ ಹೇಳುತ್ತವೆ: ಕಾಂಡ ಉದ್ದವಾಗಿ, ಎಲೆಗಳ ನಡುವಿನ ಅಂತರ ಹೆಚ್ಚುತ್ತದೆ; ಕೆಳಗಿನ ಎಲೆಗಳು ಉದುರುತ್ತವೆ; ಕೆಂಪಗಿದ್ದ ಗಿಡ ಹಸಿರಿಗೆ ತಿರುಗುತ್ತದೆ.

ಅಳತೆಗೆ ಒಂದು ಸಾಧಾರಣ ಲಕ್ಸ್ ಮೀಟರ್ ಸಾಕು. ಅದೂ ಇಲ್ಲದಿದ್ದರೆ ಮೊಬೈಲಿನ ಬೆಳಕಿನ ಸಂವೇದಕವನ್ನು ಓದುವ ಆ್ಯಪ್ ಆಗುತ್ತದೆ. ಲಕ್ಸ್ ಮೀಟರ್ ನೀಲಿ ಬೆಳಕನ್ನು ಕಡಿಮೆ ತೋರಿಸುತ್ತದೆ ಎಂಬ ಆಕ್ಷೇಪ ಸರಿಯೇ. ಆದರೆ ನಾವು ಇಲ್ಲಿ ಎರಡು ಬೇರೆ ದೀಪಗಳನ್ನು ಹೋಲಿಸುತ್ತಿಲ್ಲ, ಒಂದೇ ದೀಪದ ನಿನ್ನೆಯನ್ನೂ ಇಂದನ್ನೂ ಹೋಲಿಸುತ್ತಿದ್ದೇವೆ. ಅದಕ್ಕೆ ಅದು ಧಾರಾಳವಾಗಿ ಸಾಕು.

ನಾನು ಮಾಡುವ ಕ್ರಮ ಹೀಗಿದೆ. ದೀಪವನ್ನು ತೊಟ್ಟಿಯಿಂದ ತೆಗೆದು, ಗಾಜನ್ನು ಒರೆಸಿ, ಕತ್ತಲೆ ಕೋಣೆಯಲ್ಲಿ ಮೇಜಿನಿಂದ 30 ಸೆಂಟಿಮೀಟರ್ ಎತ್ತರದಲ್ಲಿ ಎರಡು ಡಬ್ಬಿಗಳ ಮೇಲೆ ಇಡುತ್ತೇನೆ. ಅರ್ಧ ಗಂಟೆ ಉರಿಯಲು ಬಿಡುತ್ತೇನೆ, ಏಕೆಂದರೆ ಎಲ್‌ಇಡಿ ಬಿಸಿಯಾದಂತೆ ಬೆಳಕು ತುಸು ಇಳಿದು ಆಮೇಲೆ ನಿಲ್ಲುತ್ತದೆ. ನಡುವಿನಲ್ಲಿ ಒಂದು, ಎರಡು ತುದಿಗಳಲ್ಲಿ ಒಂದೊಂದು ಅಳತೆ. ಆ ಮೂರು ಸಂಖ್ಯೆಗಳನ್ನೂ ತಾರೀಖನ್ನೂ ಬಣ್ಣದ ಟೇಪಿನ ಮೇಲೆ ಬರೆದು ದೀಪದ ಬೆನ್ನಿಗೇ ಅಂಟಿಸುತ್ತೇನೆ. ಪುಸ್ತಕದಲ್ಲಿ ಬರೆದಿಟ್ಟರೆ ಪುಸ್ತಕವೇ ಕಳೆದುಹೋಗುತ್ತದೆ. ದೀಪ ಹೊಸದಿರುವಾಗಲೇ ಈ ಅಳತೆ ತೆಗೆದುಕೊಳ್ಳಿ. ಹೊಸದರ ಅಳತೆ ಇಲ್ಲದೆ ಮೂರು ವರ್ಷದ ನಂತರದ ಅಳತೆ ಬರೀ ಒಂದು ಸಂಖ್ಯೆ.

ಆರೇ ತಿಂಗಳಲ್ಲಿ ಬೆಳಕು ಕಡಿಮೆಯಾದಂತಿದೆ. ಎಲ್‌ಇಡಿ ಕೆಟ್ಟಿತೇ?

ಬಹುಮಟ್ಟಿಗೆ ಇಲ್ಲ. ಕೊಳೆ ಹಿಡಿದಿರುತ್ತದೆ. ದೀಪದ ಕೆಳಭಾಗವನ್ನು ಓರೆಯಾಗಿ ಹಿಡಿದು ನೋಡಿ. ಗುಳ್ಳೆಗಳು ಒಡೆದು ಸಿಡಿದ ಹನಿಗಳು ಒಣಗಿ, ಅಂಚು ಬಿಳಿಯಾದ ಸಣ್ಣ ಸಣ್ಣ ವೃತ್ತಗಳು ಒಂದರ ಮೇಲೊಂದು ಕೂತಿರುತ್ತವೆ. ಬೆರಳಿನಿಂದ ಉಜ್ಜಿದರೆ ಒರಟೊರಟು. ಗಡಸು ನೀರಾದರೆ ಸುಣ್ಣದ ಪದರ, ಸಮುದ್ರದ ತೊಟ್ಟಿಯಾದರೆ ಉಪ್ಪಿನ ಹರಳು. ಎಲ್‌ಇಡಿ ಪೂರ್ತಿ ಬೆಳಗುತ್ತಿದ್ದರೂ ಆ ತೆರೆಯನ್ನು ದಾಟಿ ನೀರಿಗೆ ತಲುಪುವುದು ಕಡಿಮೆ.

ಪ್ಲಗ್ ತೆಗೆದು, ದೀಪ ತಣ್ಣಗಾದ ಮೇಲೆ, ನೀರು ಬೆರೆಸಿದ ಬಿಳಿ ವಿನೆಗರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹಾಸಿ. ಸುಣ್ಣ ಮೆತ್ತಗಾಗುತ್ತದೆ. ಆಮೇಲೆ ಬರೀ ನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ, ಒಣಗಿಸಿ. ಉಪ್ಪಿಗೆ ಬೆಚ್ಚನೆಯ ಒದ್ದೆ ಬಟ್ಟೆಯೇ ಸಾಕು. ಕವಚ ಪ್ಲಾಸ್ಟಿಕ್ಕಿನದಾದರೆ ಮದ್ಯಸಾರ ಅಥವಾ ಅಮೋನಿಯಾ ಇರುವ ಗಾಜು ಒರೆಸುವ ದ್ರವವನ್ನು ಹತ್ತಿರ ತರಬೇಡಿ. ಅಕ್ರಿಲಿಕ್ಕಿನಲ್ಲಿ ಕೂದಲೆಳೆಯಂತಹ ಬಿರುಕುಗಳು ಏಳುತ್ತವೆ.

ತೊಟ್ಟಿಯ ಮೇಲಿನ ಮುಚ್ಚಳದ ಗಾಜನ್ನೂ ಮರೆಯಬೇಡಿ. ಹೊಸ ಮರದ ಬೊಡ್ಡೆಯಿಂದ ನೀರು ಚಹಾದ ಬಣ್ಣಕ್ಕೆ ತಿರುಗಿದ್ದರೆ, ತೇಲುವ ಗಿಡಗಳು ಮೇಲ್ಮೈಯನ್ನು ಮುಚ್ಚಿದ್ದರೆ, ಆಗಲೂ ಕೆಳಗೆ ಕತ್ತಲೆಯೇ. ಇದಾವುದಕ್ಕೂ ಹೊಸ ದೀಪ ಮದ್ದಲ್ಲ.

ಎಲ್‌ಇಡಿ ನಿಜವಾಗಿ ಮಂಕಾಗುವುದು ಯಾವ ಕಾರಣಕ್ಕೆ?

ಶಾಖ. ಉಳಿದ ಕಾರಣಗಳೂ ಇವೆ, ಆದರೆ ಅವೆಲ್ಲ ಇದರ ನೆಂಟರು.

ಬಿಳಿ ಎಲ್‌ಇಡಿ ಎಂಬುದು ಅಸಲಿಗೆ ನೀಲಿ ಎಲ್‌ಇಡಿ. ನೀಲಿ ಬೆಳಕು ಕೊಡುವ ಪುಟ್ಟ ಎಲೆಕ್ಟ್ರಾನಿಕ್ ಚಿಪ್ಪಿನ ಮೇಲೆ ಫಾಸ್ಫರ್ ಎಂಬ ಹಳದಿ ವಸ್ತುವಿನ ಲೇಪವಿರುತ್ತದೆ. ನೀಲಿಯ ಒಂದು ಭಾಗ ಹಳದಿಯಾಗಿ, ಎರಡೂ ಬೆರೆತು ಬಿಳಿಯಾಗಿ ಕಾಣುತ್ತದೆ. ಆ ನೀಲಿ ಎಲ್‌ಇಡಿಯನ್ನು ಸಾಧಿಸಿದ್ದಕ್ಕೆ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಚಿಪ್ಪಿನ ಒಳಗೆ ಹುಟ್ಟುವ ಶಾಖ ಹೊರಗೆ ಹೋಗದಿದ್ದರೆ ಚಿಪ್ಪು ಸವೆಯುತ್ತದೆ, ಫಾಸ್ಫರ್‌ನ ಕಸುವು ಇಳಿಯುತ್ತದೆ, ಸುತ್ತಲಿನ ಪಾರದರ್ಶಕ ತುಂಬು ಕಂದುಗಟ್ಟುತ್ತದೆ. ಗುಂಡು ತಲೆಯ ಅಗ್ಗದ 5 ಮಿಲಿಮೀಟರ್ ಎಲ್‌ಇಡಿಗಳಲ್ಲಿ ತುಂಬಿರುವುದು ಎಪಾಕ್ಸಿ. ಅದು ಸಿಲಿಕೋನಿಗಿಂತ ಬಹಳ ಬೇಗ ಹಳದಿಯಾಗುತ್ತದೆ. ಹಾಗಾಗಿ ಅಂತಹ ದೀಪಗಳು ವರ್ಷ ಎರಡು ವರ್ಷದಲ್ಲೇ ಸೊರಗಿದರೆ ಅಚ್ಚರಿಯಿಲ್ಲ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಫ್ಯಾನ್ ಇದ್ದ ದೀಪವೊಂದು ಸದ್ದು ಮಾಡುತ್ತಿತ್ತು. ಕೆಲವು ತಿಂಗಳ ನಂತರ ಸದ್ದು ತಾನಾಗಿ ನಿಂತಿತು, ನನಗೆ ಖುಷಿಯಾಯಿತು. ಸದ್ದಲ್ಲ, ಫ್ಯಾನೇ ನಿಂತಿತ್ತು. ಬಿಚ್ಚಿ ನೋಡಿದಾಗ ರೆಕ್ಕೆಗಳ ಸುತ್ತ ದೂಳು ಹತ್ತಿಯಂತೆ ಸುತ್ತಿಕೊಂಡಿತ್ತು. ನಡುವಿನ ಎಲ್‌ಇಡಿಗಳ ಹಳದಿ ಚುಕ್ಕೆಯ ಮೇಲೆ ಕಂದು ಬಳೆಯೊಂದು ಮೂಡಿತ್ತು, ತುದಿಯವು ಹೊಸದರಂತಿದ್ದವು. ಬಿಸಿ ಎಲ್ಲಿ ಕೂತಿತ್ತು ಎಂಬುದರ ನಕ್ಷೆಯೇ ಅದು.

ದೀಪದ ಲೋಹದ ಬೆನ್ನನ್ನು ಮುಟ್ಟಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಬೆಚ್ಚಗಿದ್ದರೆ ಒಳ್ಳೆಯದು, ಶಾಖ ಹೊರಗೆ ಬರುತ್ತಿದೆ ಎಂದರ್ಥ. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಕೈ ಇಡಲಾಗದಿದ್ದರೆ ಗಾಳಿ ಸಾಲದು.

ಬಣ್ಣವೂ ಬದಲಾಗುತ್ತದೆಯೇ?

ಆಗುತ್ತದೆ, ಆದರೆ ನಿಧಾನವಾಗಿ. ಬಹುವರ್ಣದ ದೀಪಗಳಲ್ಲಿ ಎಲ್ಲ ಬಣ್ಣಗಳೂ ಒಂದೇ ವೇಗದಲ್ಲಿ ಸವೆಯುವುದಿಲ್ಲ. ನೀಲಿಯನ್ನು ಸದಾ 100ರಲ್ಲಿಟ್ಟು ಕೆಂಪನ್ನು 20ರಲ್ಲಿಟ್ಟರೆ ಕೆಲವು ವರ್ಷಗಳಲ್ಲಿ ಸಮತೋಲ ತಪ್ಪುತ್ತದೆ. ಮಸೂರದ ಪ್ಲಾಸ್ಟಿಕ್ಕು ಹಳದಿಯಾದರೂ ಬಣ್ಣ ಕೆಡುತ್ತದೆ.

ದೀಪ ಮಿಣುಕುತ್ತಿದೆ, ಅಥವಾ ಒಂದು ಸಾಲು ಪೂರ್ತಿ ಆರಿದೆ. ಏನಾಗಿರಬಹುದು?

ಮಿಣುಕಿದರೆ ಅನುಮಾನ ಮೊದಲು ಡ್ರೈವರ್ ಅಥವಾ ಅಡಾಪ್ಟರ್ ಮೇಲೆ ಬರಬೇಕು. ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಎಂಬ ಬಿಡಿಭಾಗ ಬಿಸಿಗೆ ಒಣಗುತ್ತದೆ, ಕೆಲವೊಮ್ಮೆ ಅದರ ತಲೆ ಉಬ್ಬಿಕೊಂಡಿರುತ್ತದೆ. ಅಂತಹ ಕೆಪಾಸಿಟರ್ ಇರುವ ಜಾಗ 10 ಡಿಗ್ರಿ ತಂಪಾದರೆ ಅದರ ಆಯಸ್ಸು ಸುಮಾರು ಎರಡರಷ್ಟಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಬಲ್ಲವರ ರೂಢಿಯ ಲೆಕ್ಕ. ಅಡಾಪ್ಟರನ್ನು ತೊಟ್ಟಿಯ ಹಿಂದಿನ ಮೂಲೆಯಲ್ಲಿ ವೈರುಗಳ ರಾಶಿಯೊಳಗೆ ಹೂತಿಡುವ ಬದಲು ಗಾಳಿಯಾಡುವಲ್ಲಿ ಇಡಿ. ಅದೇ ವೋಲ್ಟೇಜಿನ, ಅಷ್ಟೇ ಅಥವಾ ಹೆಚ್ಚಿನ ಆಂಪಿಯರಿನ ಬೇರೆ ಅಡಾಪ್ಟರ್ ಹಾಕಿದಾಗ ಮಿಣುಕು ನಿಂತರೆ ದೀಪ ನಿರ್ದೋಷಿ. ಇದನ್ನು ನೋಡದೆ ಇಡೀ ದೀಪ ಬಿಸಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಸಾಲಾಗಿ ಆರಿದರೆ ಕಥೆ ಬೇರೆ. ಎಲ್‌ಇಡಿಗಳನ್ನು ಸರಪಳಿಯಂತೆ ಒಂದರ ಹಿಂದೊಂದು ಜೋಡಿಸಿರುತ್ತಾರೆ. ಒಂದರಲ್ಲಿ ಸಂಪರ್ಕ ಕಡಿದರೆ ಆ ಸರಪಳಿಯೆಲ್ಲ ಆರುತ್ತದೆ. ಬೆಸುಗೆ ಬಲ್ಲವರು ಆ ಒಂದನ್ನು ಹುಡುಕಿ ಬದಲಿಸಬಲ್ಲರು.

ಡಿಮ್ಮರ್ ಹಾಕಿ ಕಡಿಮೆಯಲ್ಲಿಟ್ಟರೆ ಆಯಸ್ಸು ಹೆಚ್ಚುತ್ತದೆಯೇ?

ಹೆಚ್ಚುತ್ತದೆ. ಇದು ನನ್ನ ಅತ್ಯಂತ ಗಟ್ಟಿ ಸಲಹೆ: ಬೇಕಾದ್ದಕ್ಕಿಂತ ದೊಡ್ಡ ದೀಪ ಕೊಂಡು ಶೇಕಡಾ 60-70ರಲ್ಲಿ ಇಡಿ. ಶಾಖ ಇಳಿಯುತ್ತದೆ, ಡ್ರೈವರ್ ನಿರಾಳವಾಗಿರುತ್ತದೆ. ಮುಂದೆ ಬೆಳಕು ಶೇಕಡಾ 15ರಷ್ಟು ಕುಗ್ಗಿದ ದಿನ ಗುಂಡಿಯನ್ನು ಅಷ್ಟು ಮೇಲೆ ತಿರುಗಿಸಿದರೆ ತೊಟ್ಟಿಗೆ ಹಿಂದಿನಷ್ಟೇ ಬೆಳಕು. ಮೊದಲ ದಿನದಿಂದಲೇ 100ರಲ್ಲಿ ಓಡುವ ದೀಪಕ್ಕೆ ಹೀಗೆ ತುಂಬಿಕೊಡಲು ಏನೂ ಉಳಿದಿರುವುದಿಲ್ಲ.

ಮಂದ ಮಾಡುವ ವಿಧಾನ ಎರಡು. ಒಂದು, ಹರಿಯುವ ಕರೆಂಟನ್ನೇ ಇಳಿಸುವುದು. ಇನ್ನೊಂದು, ಪಿಡಬ್ಲ್ಯುಎಂ: ಕರೆಂಟನ್ನು ಪೂರ್ತಿ ಕೊಟ್ಟು, ಪೂರ್ತಿ ನಿಲ್ಲಿಸಿ, ಸೆಕೆಂಡಿಗೆ ನೂರಾರು ಅಥವಾ ಸಾವಿರಾರು ಸಲ ಹಾಗೆ ಮಾಡುತ್ತಾ, ಉರಿಯುವ ಪಾಲನ್ನು ಕಡಿಮೆ ಮಾಡುವುದು. ಎರಡರಲ್ಲೂ ಶಾಖ ಇಳಿಯುತ್ತದೆ. ಕರೆಂಟ್ ಇಳಿಸಿದಾಗ ಇನ್ನೊಂದು ಲಾಭವಿದೆ. ಎಲ್‌ಇಡಿ ಕಡಿಮೆ ಕರೆಂಟಿನಲ್ಲಿ ಪ್ರತಿ ವ್ಯಾಟಿಗೆ ಹೆಚ್ಚು ಬೆಳಕು ಕೊಡುತ್ತದೆ. ಪಿಡಬ್ಲ್ಯುಎಂನಲ್ಲಿ ಬಣ್ಣ ಹೆಚ್ಚು ಸ್ಥಿರವಾಗಿರುತ್ತದೆ, ತೀರಾ ಕೆಳಗಿನ ಮಟ್ಟಕ್ಕೂ ಚೆನ್ನಾಗಿ ಇಳಿಯುತ್ತದೆ.

ಡಿಮ್ಮರ್ ಹಾಕಿದ ಮೇಲೆ ವಿಡಿಯೊದಲ್ಲಿ ಕಪ್ಪು ಪಟ್ಟಿಗಳು ಓಡುತ್ತಿವೆ. ದೀಪ ಕೆಟ್ಟಿದೆಯೇ?

ಇಲ್ಲ. ಅದು ಪಿಡಬ್ಲ್ಯುಎಂನ ಆರುವ-ಉರಿಯುವ ತಾಳ ಕ್ಯಾಮೆರಾದ ತಾಳಕ್ಕೆ ಹೊಂದದೆ ಬರುವ ಪಟ್ಟಿ. ಚಿತ್ರ ತೆಗೆಯುವಾಗ ದೀಪವನ್ನು 100ಕ್ಕೆ ಏರಿಸಿದರೆ ಸಾಮಾನ್ಯವಾಗಿ ಮಾಯವಾಗುತ್ತದೆ. ಬರಿಗಣ್ಣಿಗೇ ಮಿಣುಕು ಕಂಡರೆ ಮಾತ್ರ ಡಿಮ್ಮರ್ ಬದಲಿಸಿ.

ಗೋಡೆಯ ಫ್ಯಾನ್ ರೆಗ್ಯುಲೇಟರನ್ನೇ ಬಳಸಬಹುದೇ?

ದಯವಿಟ್ಟು ಬೇಡ. ಅಡಾಪ್ಟರ್ ತನಗೆ ಸಿಗುವ ವೋಲ್ಟೇಜು ಕುಗ್ಗಿದರೂ ಹೊರಗೆ ಅಷ್ಟೇ ಕೊಡಲು ಹೆಣಗಾಡುತ್ತದೆ. ಮಿಣುಕುತ್ತದೆ, ಗುಂಯ್‌ಗುಟ್ಟುತ್ತದೆ, ಕಡೆಗೆ ಸುಟ್ಟುಹೋಗುತ್ತದೆ. ಡಿಮ್ಮರ್ ಇರಬೇಕಾದ ಜಾಗ ಅಡಾಪ್ಟರಿಗೂ ದೀಪಕ್ಕೂ ನಡುವೆ. ದೀಪ 12 ವೋಲ್ಟಿನದಾದರೆ 12 ವೋಲ್ಟಿನ ಡಿಮ್ಮರ್. ಆಂಪಿಯರ್ ಲೆಕ್ಕ ಸುಲಭ: 24 ವ್ಯಾಟಿನ ದೀಪಕ್ಕೆ 24ನ್ನು 12ರಿಂದ ಭಾಗಿಸಿದರೆ 2 ಆಂಪಿಯರ್, ಹಾಗಾಗಿ 3 ಆಂಪಿಯರ್ ತಡೆಯುವ ಡಿಮ್ಮರ್ ಕೊಳ್ಳಿ. ದೀಪದೊಳಗೇ ಸ್ಥಿರ ಕರೆಂಟಿನ ಡ್ರೈವರ್ ಇದ್ದರೆ ಹೊರಗಿನ ಡಿಮ್ಮರ್ ಅದಕ್ಕೆ ಒಗ್ಗದೇ ಇರಬಹುದು. ತಯಾರಕರು ಒಪ್ಪಿದ ಡಿಮ್ಮರನ್ನೇ ಹಾಕುವುದು ಕ್ಷೇಮ.

ಡಿಮ್ಮರ್ ಹಾಕಲಾಗದ ದೀಪವನ್ನು ಮಂದ ಮಾಡುವುದು ಹೇಗೆ?

ಎತ್ತರಿಸಿ. ದೀಪವನ್ನು ನೀರಿನಿಂದ ಒಂದು ಗೇಣು ಮೇಲೆತ್ತಿದರೆ ಕೆಳಗಿನ ಬೆಳಕು ಸಾಕಷ್ಟು ಇಳಿಯುತ್ತದೆ, ಹರಡುವುದೂ ಸಮನಾಗುತ್ತದೆ, ಆವಿಯೂ ಕಡಿಮೆ ತಾಗುತ್ತದೆ. ತೇಲುವ ಗಿಡ ಬಿಡುವುದು ಇನ್ನೊಂದು ದಾರಿ. ದೀಪಕ್ಕೆ ಬಟ್ಟೆ ಸುತ್ತುವುದು, ಕಾಗದ ಅಂಟಿಸುವುದು ಬೇಡ.

ಎಷ್ಟು ಶೇಕಡಾದಲ್ಲಿ ಇಡಬೇಕು?

ನಿಮ್ಮ ದೀಪದ 50 ಬೇರೆ, ನನ್ನ ದೀಪದ 50 ಬೇರೆ. ಗಿಡಕ್ಕೆ ಮುಖ್ಯವಾದದ್ದು ಎಲೆಯ ಮೇಲೆ ಬೀಳುವ, 400ರಿಂದ 700 ನ್ಯಾನೊಮೀಟರ್ ನಡುವಿನ ಬೆಳಕು. ಇದನ್ನು 'ಪಾರ್' ಎಂದು ಅಳೆಯುತ್ತಾರೆ. ಅನುಬಿಯಾಸ್, ಜಾವಾ ಫರ್ನ್ ತರಹದ ಗಿಡಗಳಿಗೆ 20-30 ಮೈಕ್ರೊಮೋಲ್ (ಪಾರ್ ಅಳೆಯುವ ಮಾನ) ಇದ್ದರೂ ಸಾಗುತ್ತದೆ. ನೆಲ ಹಾಸುವ ಗಿಡಗಳಿಗೆ, ಕೆಂಪು ಗಿಡಗಳಿಗೆ ಅದರ ಎರಡು ಮೂರು ಪಟ್ಟು ಬೇಕು, ಜೊತೆಗೆ ಇಂಗಾಲದ ಡೈಆಕ್ಸೈಡೂ ಬೇಕು. ಗಟ್ಟಿ ಅಸ್ಥಿಪಂಜರದ ಕೆಲವು ಹವಳಗಳು 200 ದಾಟಿ ಕೇಳುತ್ತವೆ. ಬರೀ ಮೀನಿನ ತೊಟ್ಟಿಗಾದರೆ ಮೀನು ಚೆಂದ ಕಾಣುವಷ್ಟು ಬೆಳಕು ಸಾಕು.

ಮೀಟರ್ ಇಲ್ಲದವರು ಹೊಸ ತೊಟ್ಟಿಯನ್ನು ಶೇಕಡಾ 50, ದಿನಕ್ಕೆ 6 ಗಂಟೆ ಎಂದು ಶುರು ಮಾಡಿ. ಎರಡು ವಾರ ಏನನ್ನೂ ಮುಟ್ಟಬೇಡಿ. ಗಾಜಿನ ಮೇಲೆ ಪಾಚಿ ಹಬ್ಬಿದರೆ ಇಳಿಸಿ, ಗಿಡ ಸಣಕಲಾಗಿ ಮೇಲಕ್ಕೆ ಚಾಚಿದರೆ ಹತ್ತು ಅಂಶ ಏರಿಸಿ. ಅವಧಿಯನ್ನೂ ತೀವ್ರತೆಯನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಹಳೆಯ ದೀಪ ತೆಗೆದು ಅದೇ ಮಾದರಿಯ ಹೊಸದು ಹಾಕಿದೆ. ವಾರದಲ್ಲೇ ಪಾಚಿ ಹಬ್ಬಿತು, ಹವಳ ಬೆಳ್ಳಗಾಯಿತು. ಯಾಕೆ?

ಹಳೆಯದು ಮಂಕಾಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ತೊಟ್ಟಿಯ ಜೀವಗಳು ಆ ಕುಗ್ಗಿದ ಬೆಳಕಿಗೆ ಹೊಂದಿಕೊಂಡಿದ್ದವು. ನೀವು ಒಂದೇ ದಿನದಲ್ಲಿ ಪೂರ್ತಿ ಬೆಳಕು ಸುರಿದಿರಿ. ಬೆಳಕು ಅತಿಯಾದರೆ ಹವಳ ತನ್ನೊಳಗೆ ಬದುಕುವ ಸೂಕ್ಷ್ಮ ಪಾಚಿಯನ್ನು ಹೊರಹಾಕಿ ಬಿಳುಚಿಕೊಳ್ಳುತ್ತದೆ. ತಕ್ಷಣ ಶೇಕಡಾ 50ಕ್ಕೆ ಇಳಿಸಿ, ವಾರಕ್ಕೆ ಹತ್ತರಂತೆ ಏರಿಸುತ್ತಾ ಹೋಗಿ.

ನಿಧಾನವಾಗಿ ಬೆಳಗಿ ನಿಧಾನವಾಗಿ ಆರುವ ವ್ಯವಸ್ಥೆ ಬೇಕೇ ಬೇಕೇ?

ದೀಪಕ್ಕೆ ಬೇಡ, ಮೀನಿಗೆ ಒಳ್ಳೆಯದು. ತೊಟ್ಟಿಯ ಬಹುತೇಕ ಮೀನುಗಳಿಗೆ ಕಣ್ಣುರೆಪ್ಪೆಯಿಲ್ಲ. ಕಗ್ಗತ್ತಲಲ್ಲಿ ದೀಪ ಫಕ್ಕನೆ ಹೊತ್ತಿದರೆ ನಿಯಾನ್ ಟೆಟ್ರಾಗಳು ರಾತ್ರಿಯ ಪೇಲವ ಬಣ್ಣದಲ್ಲೇ ದಿಕ್ಕಾಪಾಲಾಗಿ ಓಡಿ ಗಾಜಿಗೆ ಮುಖ ಗುದ್ದಿಕೊಳ್ಳುವುದನ್ನು ನೋಡಬಹುದು. ಆ ಸೌಲಭ್ಯವಿಲ್ಲದಿದ್ದರೆ ಕೋಣೆಯ ದೀಪವನ್ನು ಹತ್ತು ನಿಮಿಷ ಮೊದಲು ಹಾಕಿದರಾಯಿತು. ನೀಲಿ ಬೆಳದಿಂಗಳ ದೀಪವನ್ನು ರಾತ್ರಿಯಿಡೀ ಬಿಡಬೇಡಿ, ಅವಕ್ಕೂ ಕತ್ತಲೆ ಬೇಕು.

ಟೈಮರ್‌ನಿಂದ ದಿನವೂ ಹಾಕಿ ತೆಗೆದರೆ ಬೇಗ ಕೆಡುತ್ತದೆಯೇ?

ಎಲ್‌ಇಡಿಗೆ ಏನೂ ಆಗದು. ದಿನಕ್ಕೆ 24 ಗಂಟೆ ಉರಿಸುವುದೇ ಆಯಸ್ಸನ್ನು ಮೂರು ಪಟ್ಟು ವೇಗದಲ್ಲಿ ತಿನ್ನುತ್ತದೆ.

ಐಪಿ67 ಎಂದಿದೆ. ನೀರಿಗೆ ಬಿದ್ದರೂ ಚಿಂತೆಯಿಲ್ಲವೇ?

67ರಲ್ಲಿ 6 ಎಂದರೆ ದೂಳು ನುಗ್ಗದು, 7 ಎಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ ತಡೆಯುತ್ತದೆ. ಸದಾ ಮುಳುಗಿರಲು ಅಲ್ಲ. ಅದಕ್ಕೆ ಐಪಿ68 ಬೇಕು, ಅದರಲ್ಲೂ ಎಷ್ಟು ಆಳಕ್ಕೆ ಎಂದು ಓದಿಕೊಳ್ಳಿ. ಕವಚದ ಒಳಗೆ ಇಬ್ಬನಿ ಕಂಡರೆ ಪ್ಲಗ್ ತೆಗೆಯಿರಿ. ತಾಮ್ರದ ಮೇಲೆ ಹಸಿರು ಕಿಲುಬು ಹತ್ತಿದ ಮೇಲೆ ಒಣಗಿಸಿ ಪ್ರಯೋಜನವಿಲ್ಲ. ವೈರು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರುವಂತೆ ಇರಲಿ. ಜಾರಿದ ಹನಿ ಅಲ್ಲೇ ಕೆಳಗೆ ಬೀಳುತ್ತದೆ, ಪ್ಲಗ್ಗಿನೊಳಗೆ ಹೋಗುವುದಿಲ್ಲ.

ಶೇಕಡಾ 70ಕ್ಕೆ ಇಳಿದ ದೀಪವನ್ನು ಏನು ಮಾಡಲಿ?

ನಿಮ್ಮ ಗಿಡಗಳಿಗೆ ಅದು ಸಾಲುತ್ತಿದ್ದರೆ ಅಲ್ಲೇ ಇರಲಿ. ಸಾಲದಿದ್ದರೆ ಕಾಯಿಲೆಯ ಮೀನು ಇಡುವ ತೊಟ್ಟಿಗೋ ಮರಿಗಳ ತೊಟ್ಟಿಗೋ ವರ್ಗ ಮಾಡಿ. ಮೇಲೆ ಹೇಳಿದ ಫ್ಯಾನ್ ನಿಂತ ದೀಪ ಈಗ ನನ್ನಲ್ಲಿ ಪಾಚಿತೊಪ್ಪಲಿನ ಬಾಟಲಿಯೊಂದರ ಮೇಲೆ, ಹೊಸ ಫ್ಯಾನಿನೊಂದಿಗೆ ಶೇಕಡಾ 40ರಲ್ಲಿ ಬೆಳಗುತ್ತಿದೆ. ಬೆನ್ನಿನ ಟೇಪಿನ ಮೇಲೆ ಐದು ತಾರೀಖುಗಳಿವೆ, ಆರನೆಯದಕ್ಕೆ ಜಾಗವಿದೆ.